ಹೊಳೆ ದೋಣಿಗೆ ಬ್ಯಾಟರಿ ಮೋಟಾರ್: ಮೊದಲು ಎಳೆದು ತೂಗಿ, ಆಮೇಲೆ ಕೊಳ್ಳಿ

ಕುಂದಾಪುರದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ತೋಟದ ಪಂಪು, ಐಸ್ ಪ್ಲಾಂಟಿನ ಮೋಟಾರು, ಗ್ರೈಂಡರು ಎಲ್ಲ ಬರುತ್ತವೆ. ಈಚೆಗೆ ದೋಣಿಯವರೂ ಬರುತ್ತಿದ್ದಾರೆ. ಬಂದವರು ಕೇಳುವುದು ಹೆಚ್ಚುಕಮ್ಮಿ ಒಂದೇ ಮಾತು: "ನನ್ನದು 9.9 ಎಚ್‌ಪಿ ಪೆಟ್ರೋಲ್ ಎಂಜಿನ್. ಅಷ್ಟೇ ಎಚ್‌ಪಿಯ ಕರೆಂಟ್ ಮೋಟಾರಿಗೆ ಎಷ್ಟಾಗ್ತದೆ ಮಾರಾಯ್ರೆ?"

ನಾನು ರೇಟು ಹೇಳುವುದಿಲ್ಲ. "ದೋಣಿ ಎಷ್ಟು ವೇಗದಲ್ಲಿ ಹೋಗಬೇಕು?" ಅಂತ ತಿರುಗಿ ಕೇಳುತ್ತೇನೆ.

ಯಾಕೆಂದರೆ 9.9 ಎಚ್‌ಪಿ ಅಂದರೆ ಸುಮಾರು 7.4 ಕಿಲೋವ್ಯಾಟ್. 48 ವೋಲ್ಟಿನಲ್ಲಿ ಅದಕ್ಕೆ 150 ಆಂಪಿಯರ್‌ಗಿಂತ ಜಾಸ್ತಿ ಬೇಕು. ಎರಡು ಗಂಟೆ ಓಡಬೇಕೆಂದರೆ ನೂರು ಕೆಜಿ ದಾಟುವ ಬ್ಯಾಟರಿ ಹೊರಬೇಕು. ದೋಣಿಗಿಂತ ಬ್ಯಾಟರಿಯ ಬೆಲೆಯೇ ಜಾಸ್ತಿಯಾಗುತ್ತದೆ. ಆದರೆ ಕುದ್ರುಗಳ (ಹೊಳೆಯ ನಡುವಿನ ದ್ವೀಪಗಳ) ನಡುವೆ ಜನ, ತೆಂಗಿನಕಾಯಿ, ಹುಲ್ಲು ಸಾಗಿಸುವ ದೋಣಿ ಆ 9.9ರಲ್ಲಿ ಕಾಲು ಭಾಗವನ್ನೂ ಬಳಸುತ್ತಿರುವುದಿಲ್ಲ. ಪೆಟ್ರೋಲ್ ಎಂಜಿನ್ ಆ ಸೈಜಿನಲ್ಲಿ ಸುಲಭವಾಗಿ ಸಿಕ್ಕಿತು, ಹಾಕಿಸಿಕೊಂಡರು, ಅಷ್ಟೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನೀವು ಅಳಿವೆ ದಾಟಿ ಕಡಲಿಗೆ ಹೋಗುವವರಾದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ನೀರಿನ ಮೇಲೆ ಎದ್ದು ಹಾರುವಂಥ ಸ್ಪೀಡ್ ಬೋಟಿಗೂ ಇದು ಹೊಂದುವುದಿಲ್ಲ. ನಾನು ಬರೆಯುತ್ತಿರುವುದು ಪಂಚಗಂಗಾವಳಿಯಂಥ ಹೊಳೆ, ಹಿನ್ನೀರುಗಳಲ್ಲಿ ಓಡುವ 16-18 ಅಡಿಯ ಫೈಬರ್ ದೋಣಿಗೆ. ಉಪ್ಪಿನಕುದ್ರಿನಿಂದ ಹೇರಿಕುದ್ರಿಗೆ, ಕುಂದಾಪುರದಿಂದ ಎದುರಿಗೇ ಕಾಣುವ ಗಂಗೊಳ್ಳಿಗೆ ಹೋಗಿ ಬರುವ ದೋಣಿಗೆ. ಆ ಗಂಗೊಳ್ಳಿಗೆ ರಸ್ತೆಯಲ್ಲಿ ಹೋಗಬೇಕಾದರೆ ತ್ರಾಸಿ ಕಡೆಯಿಂದ ಸುತ್ತಬೇಕು. ಹಾಗಾಗಿ ನಮ್ಮಲ್ಲಿ ಸಣ್ಣ ದೋಣಿಗೆ ಇವತ್ತಿಗೂ ಕೆಲಸ ಇದೆ.

ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಒಂದು ಮಿತಿ ಇದೆ. ನೀರಿನಲ್ಲಿ ಮುಳುಗಿರುವ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. ಬರುವ ಉತ್ತರ ನಾಟಿನಲ್ಲಿ. 16 ಅಡಿಗೆ 5.4 ನಾಟ್, ಅಂದರೆ ಗಂಟೆಗೆ ಸುಮಾರು 10 ಕಿಮೀ. ಅದರ ಹತ್ತಿರ ಹೋದ ಹಾಗೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಒದ್ದಾಡುತ್ತದೆ. ಅಲ್ಲಿಂದ ಮೇಲೆ ಹಾಕಿದ ಶಕ್ತಿ ಎಲ್ಲ ಹಿಂದಿನ ನೊರೆಗೆ.

ನಿಮ್ಮ ದೋಣಿಗೆ ಎಷ್ಟು ಶಕ್ತಿ ಬೇಕು ಅಂತ ತಿಳಿಯಲು ಕ್ಯಾಟಲಾಗ್ ನೋಡುತ್ತಾ ಕೂರಬೇಡಿ. ತೂಗಿ ನೋಡಿ. ಕೊಕ್ಕೆಗೆ ನೇತುಹಾಕುವ 100 ಕೆಜಿಯ ಡಿಜಿಟಲ್ ತಕ್ಕಡಿ ಮೀನಿನವರ ಹತ್ತಿರ ಇರುತ್ತದೆ, ಒಂದು ದಿನಕ್ಕೆ ಕೇಳಿ ತನ್ನಿ. ಗೆಳೆಯರೊಬ್ಬರ ದೋಣಿಯಿಂದ ನಿಮ್ಮ ದೋಣಿಯನ್ನು ಎಳೆಸಬೇಕು. ಎಂಜಿನ್ ಎತ್ತಿಡಿ, ಎಂದಿನಷ್ಟು ಜನ ಮತ್ತು ಸಾಮಾನು ತುಂಬಿ. ಹಗ್ಗ ಉದ್ದ ಇರಲಿ, ಇಲ್ಲದಿದ್ದರೆ ಮುಂದಿನ ದೋಣಿಯ ಫ್ಯಾನು ತಳ್ಳಿದ ನೀರು ಬಂದು ಬಡಿದು ಲೆಕ್ಕ ತಪ್ಪುತ್ತದೆ. ತಕ್ಕಡಿಯನ್ನು ನಿಮ್ಮ ದೋಣಿಯ ಮುಂದಿನ ಬಳೆಗೂ ಹಗ್ಗಕ್ಕೂ ನಡುವೆ ಕಟ್ಟಿ. ಭರತ ಇಳಿತ ಎರಡೂ ಇಲ್ಲದೆ ನೀರು ನಿಂತಿರುವ ಹೊತ್ತು ನೋಡಿ ಹೊರಡಿ. ಫೋನಿನ ಜಿಪಿಎಸ್‌ನಲ್ಲಿ ವೇಗ ನೋಡುತ್ತಾ, 6, 7.5, 9 ಕಿಮೀ ವೇಗಗಳಲ್ಲಿ ತಕ್ಕಡಿ ಎಷ್ಟು ತೋರಿಸುತ್ತದೆ ಅಂತ ಬರೆದುಕೊಳ್ಳಿ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಎರಡರ ಸರಾಸರಿ ತೆಗೆಯಿರಿ.

ಈಗ ಲೆಕ್ಕ. ಕೆಜಿಯನ್ನು 9.8ರಿಂದ ಗುಣಿಸಿ, ಕಿಮೀ ವೇಗವನ್ನು 3.6ರಿಂದ ಭಾಗಿಸಿ, ಎರಡನ್ನೂ ಗುಣಿಸಿದರೆ ವ್ಯಾಟ್ ಸಿಗುತ್ತದೆ. 7.5 ಕಿಮೀ ವೇಗದಲ್ಲಿ ತಕ್ಕಡಿ 20 ಕೆಜಿ ತೋರಿಸಿತು ಅಂತಿಟ್ಟುಕೊಳ್ಳಿ. ಅದು ಸುಮಾರು 400 ವ್ಯಾಟ್. ಮೋಟಾರು, ಗೇರು, ಫ್ಯಾನು ಎಲ್ಲ ಸೇರಿ ಅರ್ಧದಷ್ಟು ತಿಂದುಹಾಕುತ್ತವೆ. ಹಾಗಾಗಿ ಬ್ಯಾಟರಿಯಿಂದ 800 ವ್ಯಾಟ್ ಬೇಕು. ಅದೇ ದೋಣಿ 9 ಕಿಮೀ ವೇಗದಲ್ಲಿ 38 ಕೆಜಿ ತೋರಿಸಿದರೆ ಬ್ಯಾಟರಿಯಿಂದ 1,850 ವ್ಯಾಟ್. ಒಂದೂವರೆ ಕಿಮೀ ವೇಗ ಜಾಸ್ತಿ ಮಾಡಿದ್ದಕ್ಕೆ ಕರೆಂಟು ಎರಡು ಪಟ್ಟಿಗಿಂತ ಜಾಸ್ತಿ ಆಯಿತು, ನೋಡಿದಿರಾ? ನಿಮ್ಮ ಖರ್ಚು ತೀರ್ಮಾನ ಆಗುವುದು ಇಲ್ಲಿಯೇ.

ಕೇರಳದ ವೈಕಂನಲ್ಲಿ 2017ರ ಜನವರಿಯಿಂದ ಓಡುತ್ತಿರುವ ಸೋಲಾರ್ ದೋಣಿ 'ಆದಿತ್ಯ' 75 ಜನರನ್ನು ಹೊರುತ್ತದೆ. ಅದಕ್ಕೆ ಇರುವುದು 20 ಕಿಲೋವ್ಯಾಟಿನ ಎರಡು ಮೋಟಾರು. ಹೊಟ್ಟೆ ತೆಳ್ಳಗಿರುವ ಜೋಡಿ ದೋಣಿ, ವೇಗ ಗಂಟೆಗೆ 10 ಕಿಮೀ ಆಸುಪಾಸು. ಅವಸರ ಬಿಟ್ಟಿದ್ದರಿಂದಲೇ ಅದು ಸೋಲಾರಿನಲ್ಲಿ ಓಡುತ್ತಿದೆ.

ಬ್ಯಾಟರಿಗೆ ಬರೋಣ. ಲಿಥಿಯಂ ಐರನ್ ಫಾಸ್ಫೇಟ್ ಬಿಟ್ಟು ಬೇರೆ ನೋಡಬೇಡಿ. 16 ಸೆಲ್‌ನ 51.2 ವೋಲ್ಟ್, 100 ಆಂಪಿಯರ್-ಅವರ್ ಪ್ಯಾಕ್ ಅಂದರೆ 5 ಯೂನಿಟ್ ಕರೆಂಟು, ತೂಕ 45-50 ಕೆಜಿ. ಇಷ್ಟೇ ಸೈಜಿನ ಲೆಡ್ ಬ್ಯಾಟರಿ ನಾಲ್ಕು ಸೇರಿ ನೂರು ಕೆಜಿ ದಾಟುತ್ತವೆ. ಬಾಳಿಕೆ ಬರಬೇಕೆಂದರೆ ಅವುಗಳಲ್ಲಿ ಅರ್ಧ ಮಾತ್ರ ಬಳಸಬೇಕು. ಲಿಥಿಯಂನಲ್ಲಿ 80 ಪರ್ಸೆಂಟ್, ಅಂದರೆ 4 ಯೂನಿಟ್ ಬಳಸಬಹುದು. ಮೇಲಿನ ದೋಣಿಗೆ ಅದು 7.5 ಕಿಮೀ ವೇಗದಲ್ಲಿ ಐದು ಗಂಟೆ, 9 ಕಿಮೀ ವೇಗದಲ್ಲಿ ಎರಡು ಗಂಟೆ ಚಿಲ್ಲರೆ. ಅದನ್ನೂ ಪೂರ್ತಿ ನಂಬಬೇಡಿ. ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಬರಲು, ಒಂದು ಕೈಯಲ್ಲಿ ಇರಲಿ. ಇಳಿತದ ನೀರು ಗಂಟೆಗೆ 3 ಕಿಮೀ ಎದುರು ಬಂದರೆ ನಿಮ್ಮ 7.5 ಅಲ್ಲಿಗೆ 4.5 ಆಗುತ್ತದೆ. ಮಳೆಗಾಲದಲ್ಲಿ ವಾರಾಹಿ, ಸೌಪರ್ಣಿಕಾ ತುಂಬಿ ಹರಿಯುವಾಗ ಕೇಳುವುದೇ ಬೇಡ.

ಮೋಟಾರಿಗೆ ದಾರಿ ಎರಡು. ರೆಡಿಮೇಡ್ ಎಲೆಕ್ಟ್ರಿಕ್ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂದಿನ ಹಲಗೆಗೆ ಸಿಕ್ಕಿಸುವ ಮೋಟಾರ್, ಕೊಳ್ಳುವುದು ಸುಲಭದ ದಾರಿ. ಟಾರ್ಕೀಡೋ, ಇಪ್ರೊಪಲ್ಷನ್ ಥರದ ಕಂಪನಿಗಳು 1ರಿಂದ 3 ಕಿಲೋವ್ಯಾಟಿನವನ್ನು ಮಾಡುತ್ತವೆ. ಬೆಲೆ ಕೇಳಿದರೆ ಬೇಸರ ಆಗುತ್ತದೆ, ಆದರೆ ನೀರು ಒಳಗೆ ಹೋಗದಂತೆ ಮಾಡುವ ತಲೆನೋವು ಅವರದ್ದು. ಕೊಳ್ಳುವ ಮೊದಲು ದೋಣಿಯ ಹಿಂದಿನ ಹಲಗೆಯ ಎತ್ತರ ಅಳೆಯಿರಿ. 15 ಇಂಚಿಗೆ ಶಾರ್ಟ್ ಶಾಫ್ಟ್, 20 ಇಂಚಿಗೆ ಲಾಂಗ್.

ಎರಡನೆಯದು ಹಳೆಯ ಎಂಜಿನಿನ ಕಾಲನ್ನು (ನೀರಿಗೆ ಇಳಿಯುವ, ಗೇರು ಫ್ಯಾನು ಇರುವ ಕೆಳಭಾಗವನ್ನು) ಉಳಿಸಿಕೊಂಡು ತಲೆ ಬದಲಿಸುವುದು. ನನಗೆ ಇಷ್ಟದ ಕೆಲಸ ಇದು. ಪೆಟ್ರೋಲ್ ಹೆಡ್ ಬಿಚ್ಚಿದರೆ ಮಧ್ಯದಲ್ಲಿ ಡ್ರೈವ್ ಶಾಫ್ಟಿನ ತುದಿ ಕಾಣುತ್ತದೆ. ಮೇಲೆ ಹಲ್ಲು ಹಲ್ಲಾಗಿ ಕೊರೆದಿರುತ್ತದೆ. ಅದಕ್ಕೆ ಜೋಡಿಯಾಗುವ ಹೆಣ್ಣು ಹಲ್ಲು ಹಳೆಯ ಕ್ರ್ಯಾಂಕ್ ಶಾಫ್ಟಿನ ಕೆಳತುದಿಯಲ್ಲೇ ಇದೆ. ಹೊಸದಾಗಿ ಕೊರೆಸಬೇಡಿ. ಕ್ರ್ಯಾಂಕಿನ ಆ ತುದಿಯನ್ನು ಕತ್ತರಿಸಿ, ಲೇತಿನಲ್ಲಿ ಸಮ ಮಾಡಿಸಿ, ಮೋಟಾರಿನ ಶಾಫ್ಟಿಗೆ ಕೀ ಹಾಕಿದ ಕಪ್ಲಿಂಗ್ ಮಾಡಿಸಿ. ಮೋಟಾರ್ ಕೂರಲು 10-12 ಎಂಎಂ ಅಲ್ಯೂಮಿನಿಯಂ ಪ್ಲೇಟ್ ಸಾಕು. ಹಳೆ ಗ್ಯಾಸ್ಕೆಟ್ಟನ್ನೇ ಅಚ್ಚಾಗಿ ಇಟ್ಟು ತೂತು ಗುರುತು ಮಾಡಿ. ಮೋಟಾರಿನ ಭಾರ ಡ್ರೈವ್ ಶಾಫ್ಟಿನ ಮೇಲೆ ಬೀಳಬಾರದು, ಮೇಲೆ ಕೆಳಗೆ ಒಂದೆರಡು ಎಂಎಂ ಆಟ ಬಿಡಿ. ಡಯಲ್ ಗೇಜ್ ಇಟ್ಟು ಕೈಯಲ್ಲಿ ತಿರುಗಿಸಿ ನೋಡಿ. ಶಾಫ್ಟ್ ಓಲಾಡಿದರೆ ಮೊದಲು ಹಾಳಾಗುವುದು ಕೆಳಗಿನ ಸೀಲು, ಆಮೇಲೆ ಗೇರು.

ಕೂಲಿಂಗ್ ನೀರಿನ ಪಂಪಿನಲ್ಲಿರುವ ರಬ್ಬರ್ ಇಂಪೆಲ್ಲರ್ ತೆಗೆದುಬಿಡಿ. ಅದರ ಮನೆ ಮಾತ್ರ ಅಲ್ಲೇ ಇರಲಿ, ಶಾಫ್ಟಿನ ಸೀಲು ಅದರ ಅಡಿಗೇ ಇರುತ್ತದೆ. ಗೇರ್ ಎಣ್ಣೆ ಇಳಿಸಿ ನೋಡಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ ಅಂತ ಅರ್ಥ, ಸೀಲು ಬದಲಿಸದೆ ಮುಂದೆ ಹೋಗಬೇಡಿ. ರಿವರ್ಸಿಗೆ ಮೋಟಾರನ್ನು ಉಲ್ಟಾ ತಿರುಗಿಸುವುದಕ್ಕಿಂತ ಹಳೆ ಗೇರ್ ಲಿವರನ್ನೇ ಬಳಸಿ. ಗೇರಿನ ಹಲ್ಲು, ಬೇರಿಂಗು ಎಲ್ಲ ಮಾಡಿರುವುದು ಒಂದೇ ದಿಕ್ಕಿನ ಲೆಕ್ಕದಲ್ಲಿ.

ಇ-ರಿಕ್ಷಾದ 48 ವೋಲ್ಟಿನ ಮೋಟಾರು ಹಾಕಬಹುದಾ ಅಂತ ಕೇಳುತ್ತಾರೆ. 1ರಿಂದ 1.5 ಕಿಲೋವ್ಯಾಟ್ ಇರುತ್ತದೆ, ವೇಗ ಹೆಚ್ಚುಕಮ್ಮಿ ಮಾಡುವ ಕಂಟ್ರೋಲರ್ ಸಮೇತ ಅಗ್ಗಕ್ಕೆ ಸಿಗುತ್ತದೆ. 7-7.5 ಕಿಮೀ ವೇಗ ಸಾಕು ಅನ್ನುವವರಿಗೆ ಆಗುತ್ತದೆ. ಆದರೆ ಅದು ರಸ್ತೆಯ ಧೂಳಿಗೆ ಮಾಡಿದ ಮೋಟಾರು, ಉಪ್ಪಿನ ಗಾಳಿಗೆ ಅಲ್ಲ. ಮೇಲೆ ಹಳೆಯ ಎಂಜಿನ್ ಕವರ್ ಸರಿಯಾಗಿ ಮುಚ್ಚಬೇಕು, ವೈಂಡಿಂಗಿಗೆ ಇನ್ನೊಂದು ಕೋಟ್ ವಾರ್ನಿಷ್ ಕೊಟ್ಟು ಬೇಯಿಸಬೇಕು. ಯಾವ ಮೋಟಾರಾದರೂ ಸರಿ, ನಿಮಿಷಕ್ಕೆ 3,000 ಸುತ್ತು ತಿರುಗಿ, ಗೇರ್ 2.08ಕ್ಕೆ 1 ಇದ್ದರೆ ಫ್ಯಾನು 1,440 ಸುತ್ತು. ಇದಕ್ಕಿಂತ ದೊಡ್ಡ ಮೋಟಾರ್ ಹಾಕಿ 9 ಕಿಮೀ ವೇಗ ಬೇಕೆನ್ನುವವರಿಗೆ ಸುಮಾರು 7 ಇಂಚು ಪಿಚ್‌ನ (ಜಾರದೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಅಗಲ ಎಲೆಯ ಫ್ಯಾನು ಹೊಂದುತ್ತದೆ.

ವೈರಿಂಗಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. 3 ಕಿಲೋವ್ಯಾಟಿಗೆ 48 ವೋಲ್ಟಿನಲ್ಲಿ 62 ಆಂಪಿಯರ್ ಹರಿಯುತ್ತದೆ. ಬ್ಯಾಟರಿಯಿಂದ ಮೋಟಾರಿಗೆ 3 ಮೀಟರ್ ದೂರ ಇದ್ದರೆ ಹೋಗಿ ಬರುವುದು 6 ಮೀಟರ್. 25 ಎಂಎಂ ಚೌಕದ ತಾಮ್ರದ ಕೇಬಲ್ ಹಾಕಿದರೆ ಕಾಲು ವೋಲ್ಟ್ ಮಾತ್ರ ಕಳೆದುಹೋಗುತ್ತದೆ. ತವರ ಲೇಪಿಸಿದ ತಾಮ್ರವೇ ಬೇಕು. ಬರಿ ತಾಮ್ರ ಉಪ್ಪು ನೀರಿನಲ್ಲಿ ಇನ್ಸುಲೇಷನ್ ಒಳಗೊಳಗೇ ಹಸಿರಾಗುತ್ತಾ ಹೋಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ನನ್ನ ಅಂಗಡಿಗೆ ಬಂದ ಸುಟ್ಟ ಕೇಬಲ್‌ಗಳಲ್ಲಿ ಹೆಚ್ಚಿನವು ಸುಟ್ಟಿರುವುದು ತುದಿಗೆ ಹಾಕುವ ಲಗ್ ಹತ್ತಿರ. ಇಕ್ಕಳದಲ್ಲಿ ಹಿಸುಕಿದ್ದು ಸಾಲದು. ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿ. ಬಿಸಿ ಮಾಡಿದಾಗ ಎರಡೂ ತುದಿಯಿಂದ ಅಂಟು ಇಣುಕಬೇಕು, ಆಗ ನೀರು ಹೋಗುವುದಿಲ್ಲ.

ಫ್ಯೂಸು ಬ್ಯಾಟರಿಯ ಪ್ಲಸ್ಸಿಗೆ ಒಂದು ಗೇಣಿನ ಒಳಗೆ ಇರಬೇಕು. ಈ ಕೇಬಲಿಗೆ 100 ಆಂಪಿಯರ್. ಕಾರಿನ ಆಡಿಯೊ ಅಂಗಡಿಯಲ್ಲಿ ಸಿಗುವ ಫ್ಯೂಸು ಸಾಮಾನ್ಯವಾಗಿ 32 ವೋಲ್ಟಿನದು. ತುಂಬಿದ ಪ್ಯಾಕಿನಲ್ಲಿ 58 ವೋಲ್ಟ್ ತನಕ ಇರುತ್ತದೆ, ಅದರಲ್ಲಿ ಶಾರ್ಟ್ ಆದರೆ ಸುಟ್ಟ ಫ್ಯೂಸಿನ ಒಳಗೇ ಕಿಡಿ ನಿಲ್ಲದೆ ಉರಿಯುತ್ತಿರುತ್ತದೆ. ಕ್ಲಾಸ್ ಟಿ ಅಂತ ಕೇಳಿ ತರಿಸಿ, ದುಬಾರಿಯಾದರೂ ಪರವಾಗಿಲ್ಲ.

ಕಂಟ್ರೋಲರಿಗೆ ಮೊದಲ ಸಲ ಬ್ಯಾಟರಿ ಮುಟ್ಟಿಸಿದಾಗ 'ಟಪ್' ಅಂತ ಕಿಡಿ ಹಾರುತ್ತದೆ. ಒಳಗಿನ ಕೆಪಾಸಿಟರ್‌ಗಳು ಒಂದೇ ಗುಟುಕಿಗೆ ಕರೆಂಟು ಎಳೆಯುವುದರಿಂದ ಹೀಗಾಗುತ್ತದೆ. ದಿನಾ ಹೀಗೇ ಆದರೆ ಸ್ವಿಚ್ಚಿನ ಮುಖ ತಿಂದುಹೋಗುತ್ತದೆ. ಮೇನ್ ಸ್ವಿಚ್ಚಿಗೆ ಅಡ್ಡವಾಗಿ ಒಂದು ಪುಶ್ ಬಟನ್ ಮತ್ತು 100 ಓಮ್, 10 ವ್ಯಾಟಿನ ರೆಸಿಸ್ಟರ್ ಹಾಕಿ. ಬಟನ್ ಎರಡು ಸೆಕೆಂಡ್ ಒತ್ತಿ ಹಿಡಿದು ಆಮೇಲೆ ಸ್ವಿಚ್ ಹಾಕಿದರೆ ಕಿಡಿ ಇಲ್ಲ, ಸದ್ದೂ ಇಲ್ಲ.

ಉಳಿದ ಕರೆಂಟು ನೋಡಲು ವೋಲ್ಟ್ ಮೀಟರ್ ನಂಬಬೇಡಿ. ಈ ಬ್ಯಾಟರಿಯ ವೋಲ್ಟೇಜ್ ಮುಕ್ಕಾಲು ಇರುವಾಗಲೂ ಕಾಲು ಇರುವಾಗಲೂ 52ರ ಆಸುಪಾಸಿನಲ್ಲೇ ಇರುತ್ತದೆ, ಕೊನೆಗೆ ದಿಢೀರ್ ಬೀಳುತ್ತದೆ. ಹೋದ ಬಂದ ಆಂಪಿಯರ್ ಎಣಿಸುವ ಶಂಟ್ ಮೀಟರ್ ಹಾಕಿಸಿ. ಅದು ಕಣ್ಣೆದುರು ವ್ಯಾಟ್ ತೋರಿಸುವುದರಿಂದ ಎಕ್ಸಿಲರೇಟರ್ ತಾನಾಗಿಯೇ ಇಳಿಯುತ್ತದೆ.

ಬ್ಯಾಟರಿ ಪೆಟ್ಟಿಗೆಯನ್ನು ಹಿಂದೆ ಇಡಬೇಡಿ. ದೋಣಿಯ ನಡುವೆ, ತಳಕ್ಕೆ ಹತ್ತಿರ, ಆದರೆ ತಳದ ನೀರು ತಾಗದ ಹಾಗೆ ಮರದ ಪಟ್ಟಿಯ ಮೇಲೆ ಇಟ್ಟು ಬೆಲ್ಟಿನಲ್ಲಿ ಬಿಗಿಯಿರಿ. ದೋಣಿ ಮಗುಚಿದರೂ ಅದು ಜಾಗ ಬಿಡಬಾರದು.

ಎಂಜಿನಿನ ಕಾಲಿಗೆ ಸ್ಕ್ರೂ ಮಾಡಿರುವ ಆನೋಡ್ ನೋಡಿ, ಅದು ತಾನು ಸವೆದು ಕಾಲಿನ ಲೋಹವನ್ನು ಉಳಿಸುವ ತುಂಡು. ಕಡಲಿಗೆ ಸತುವಿನದು ಸರಿ. ನಮ್ಮ ಹೊಳೆಯಲ್ಲಿ ಬೇಸಿಗೆಗೆ ಉಪ್ಪು, ಮಳೆಗೆ ಸಿಹಿ. ಇದಕ್ಕೆ ಅಲ್ಯೂಮಿನಿಯಂ ಆನೋಡೇ ಹೊಂದುವುದು. ಅರ್ಧ ಸವೆದರೆ ಬದಲಿಸಿ. ಅದಕ್ಕೆ ಪೇಂಟ್ ಹೊಡೆಯಬೇಡಿ.

ನೀವು ನೀರಿಗೆ ಬಿದ್ದರೆ ಮೋಟಾರ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರ ಕೈಗೆ ಕಟ್ಟಿಕೊಳ್ಳುವುದು ಪೆಟ್ರೋಲಿಗಿಂತ ಇಲ್ಲಿ ಮುಖ್ಯ. ಮೋಟಾರ್ ನಿಂತಿದೆಯೋ ಆನ್ ಇದೆಯೋ ಕಿವಿಗೆ ಗೊತ್ತಾಗುವುದಿಲ್ಲ. ಹಾರ್ನ್ ಕೂಡ ಹಾಕಿಸಿ. ಎದೆಮಟ್ಟ ನೀರಿನಲ್ಲಿ ತಲೆ ತಗ್ಗಿಸಿ ಮಳಿ (ಚಿಪ್ಪುಮೀನು) ಹೆಕ್ಕುವ ಹೆಂಗಸರು ಎಂಜಿನ್ ಸದ್ದು ಕೇಳಿಯೇ ಬದಿಗೆ ಸರಿಯುವುದು. ಸದ್ದಿಲ್ಲದೆ ಹಿಂದಿನಿಂದ ಹೋದರೆ ಬೈಗುಳ ಗ್ಯಾರಂಟಿ, ಅದು ನ್ಯಾಯವೂ ಹೌದು.

ಚಾರ್ಜಿಂಗ್ ದಡದಲ್ಲಿ, ನೆರಳಿನಲ್ಲಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರುವ ಪ್ಲಗ್ಗಿನಿಂದ ಮಾಡಿ. 15 ಆಂಪಿಯರ್ ಚಾರ್ಜರಿನಲ್ಲಿ ಐದಾರು ಗಂಟೆ. ಗೋಡೆಯಿಂದ ಎಳೆಯುವುದು 5 ಯೂನಿಟ್ ಒಳಗೆ. ಅಷ್ಟೇ ಕೆಲಸಕ್ಕೆ ಸಣ್ಣ ಪೆಟ್ರೋಲ್ ಎಂಜಿನ್ 2ರಿಂದ 3 ಲೀಟರ್ ಕುಡಿಯುತ್ತದೆ. ಆದರೂ ವಾರಕ್ಕೊಮ್ಮೆ ಗಾಳ ಹಾಕಲು ಹೋಗುವವರಿಗೆ ಬ್ಯಾಟರಿಯ ದುಡ್ಡು ಹುಟ್ಟುವುದಿಲ್ಲ, ಸುಮ್ನೆ ಆಸೆ ತೋರಿಸುವುದಿಲ್ಲ. ದಿನಾ ಓಡಿಸುವವರಿಗೆ ಮಾತ್ರ ಇದು ಲೆಕ್ಕಕ್ಕೆ ಬರುವುದು.

ದೋಣಿ ನೋಂದಣಿ ಆಗಿದ್ದರೆ ಎಂಜಿನ್ ಬದಲಿಸುವ ಮೊದಲೇ ನೋಂದಣಿ ಮಾಡಿದ ಕಚೇರಿಯಲ್ಲಿ ಕೇಳಿಕೊಳ್ಳಿ. ಜನರನ್ನು ದುಡ್ಡಿಗೆ ಕರೆದೊಯ್ಯುವವರು 2021ರ ಒಳನಾಡು ಹಡಗು ಕಾಯ್ದೆಯ ನಿಯಮಗಳನ್ನೂ ವಿಮೆಯನ್ನೂ ಮೊದಲು ನೋಡಬೇಕು. ಹಳೆ ಎಂಜಿನಿನ ತಲೆಯನ್ನು ಗುಜರಿಗೆ ಹಾಕಬೇಡಿ. ಕಾರ್ಬೊರೇಟರ್, ಸ್ಟಾರ್ಟರ್ ಕಾಯಿಲ್ ಕೇಳಿಕೊಂಡು ಬರುವವರು ಗಂಗೊಳ್ಳಿ ಬಂದರಿನಲ್ಲೇ ಇರುತ್ತಾರೆ. ಮಳೆಗಾಲದಲ್ಲಿ ದೋಣಿ ಮೇಲೆಳೆದರೆ ಬ್ಯಾಟರಿ ಪೂರ್ತಿ ತುಂಬಿಸಿ ಇಡಬೇಡಿ. ಅರ್ಧಕ್ಕೆ ತಂದು, ಮೇನ್ ಸ್ವಿಚ್ ಆಫ್ ಮಾಡಿ, ಮನೆಯೊಳಗೆ ಒಣ ಜಾಗದಲ್ಲಿಡಿ. ತಿಂಗಳಿಗೊಮ್ಮೆ ಮೀಟರ್ ನೋಡಿದರೆ ಸಾಕು.