ರಾತ್ರಿಯ ಫೈಲ್ ಸಾಗಣೆಗೆ ಕ್ರಾನ್, ಆರ್‌ಸಿಂಕ್ ಇದ್ದರೆ ಸಾಕು

"ಸ್ಕ್ರಿಪ್ಟ್ ನಂಬಿಕೊಂಡರೆ ಕೆಟ್ಟಿರಿ, ಸಾಫ್ಟ್‌ವೇರ್ ಕೊಳ್ಳಿ" ಎಂದವರೇ ಈಗ ನನ್ನ ಸ್ಕ್ರಿಪ್ಟ್ ಕೇಳುತ್ತಿದ್ದಾರೆ. ಹದಿನೈದು-ಇಪ್ಪತ್ತು ಯೂನಿಕ್ಸ್ ಯಂತ್ರಗಳಿಂದ ರಾತ್ರಿ ಹೆಚ್ಚುಕಡಿಮೆ 40 ಜಿಬಿ ಒಂದೇ ಕಡೆ ಬಂದು ಬೀಳಬೇಕು, ಅಷ್ಟೇ ಕೆಲಸ. ನನ್ನ ಸ್ಕ್ರಿಪ್ಟ್‌ನಲ್ಲಿರುವುದು ಕ್ರಾನ್ (ಹೇಳಿದ ಹೊತ್ತಿಗೆ ಕೆಲಸ ಓಡಿಸುತ್ತದೆ) ಮತ್ತು ಆರ್‌ಸಿಂಕ್ (ಫೈಲಿನಲ್ಲಿ ಬದಲಾದಷ್ಟನ್ನೇ ಕಳಿಸುತ್ತದೆ). ಅವರು ತೋರಿಸಿದ ಸಾಫ್ಟ್‌ವೇರಿಗೆ ಯಂತ್ರಕ್ಕೆ ಇಷ್ಟು ಅಂತ ವರ್ಷವರ್ಷವೂ ಲೈಸೆನ್ಸ್. ಆ ದುಡ್ಡಿಗೆ ಎರಡು ಸರ್ವರೇ ಬರುತ್ತಿತ್ತು.

ಮೊದಲಿದ್ದದ್ದು ಫೈಲ್ ಕಳಿಸಲು ಎಫ್‌ಟಿಪಿ, ಅದರ ಪ್ರಾಂಪ್ಟ್ ನೋಡಿ ತಾನೇ ಉತ್ತರ ಟೈಪಿಸಲು ಎಕ್ಸ್‌ಪೆಕ್ಟ್. ಆಚೆಯ ಪ್ರಾಂಪ್ಟ್‌ನಲ್ಲಿ ಒಂದಕ್ಷರ ಬದಲಾದರೂ ಕಥೆ ಮುಗಿಯಿತು. ಫೈಲ್ ಹೋಗದಿದ್ದರೂ ನಮ್ಮ ಹಳೇ ಎಫ್‌ಟಿಪಿ ಕ್ಲೈಂಟ್ ಸೊನ್ನೆಯನ್ನೇ, ಅಂದರೆ 'ಕೆಲಸ ಆಯಿತು' ಎಂದೇ, ಹಿಂದಿರುಗಿಸುತ್ತಿತ್ತು. ಹಾಗಾಗಿ ಎಲ್ಲ ಸರಿಯಿದೆ ಎಂದೇ ಲಾಗ್ ಹೇಳುತ್ತಿತ್ತು!

ಈಗ ಪಾಸ್‌ವರ್ಡ್ ಬದಲು ಯಂತ್ರಕ್ಕೊಂದು ಎಸ್‌ಎಸ್‌ಎಚ್ ಕೀ. ಅದನ್ನು ಆರ್‌ಆರ್‌ಸಿಂಕ್ (ಆರ್‌ಸಿಂಕ್ ಜೊತೆಗೇ ಬರುವ ಕಾವಲು ಸ್ಕ್ರಿಪ್ಟ್) ಮೂಲಕ ಒಂದೇ ಡೈರೆಕ್ಟರಿಗೆ ಕಟ್ಟಿಹಾಕಿದ್ದೇನೆ. ಪಾಸ್‌ವರ್ಡ್ ಕೇಳುತ್ತಾ ನಿಲ್ಲದಂತೆ ಬ್ಯಾಚ್‌ಮೋಡ್ ಆನ್, ಒಂದು ಓಟ ಮುಗಿಯುವ ಮುನ್ನ ಇನ್ನೊಂದು ಶುರುವಾಗದಂತೆ ಮೇಲೊಂದು ಎಫ್‌ಲಾಕ್. ಇದರಲ್ಲೇನೂ ಹೊಸದಿಲ್ಲ.

ನಿಜವಾಗಿ ಕಾಡಿದ್ದು ಅರ್ಧ ಫೈಲುಗಳು. ಆರ್‌ಸಿಂಕ್ ಹೇಗೂ ಚುಕ್ಕೆಯಿಂದ ಶುರುವಾಗುವ ತಾತ್ಕಾಲಿಕ ಹೆಸರಲ್ಲಿ ಬರೆದು, ಕೊನೆಗೆ ಹೆಸರು ಬದಲಿಸುತ್ತದೆ ಅಲ್ವಾ? ಆದರೆ 'ಪಾರ್ಷಿಯಲ್' ಆಯ್ಕೆ ಹಾಕಿದ್ದರೆ, ಲಿಂಕ್ ಕಡಿದಾಗ ಬಂದಷ್ಟನ್ನು ಅಸಲಿ ಹೆಸರಲ್ಲೇ ಬಿಟ್ಟುಹೋಗುತ್ತದೆ. ಬಂದ ಫೈಲ್ ಓದಿಕೊಳ್ಳುವ ನಮ್ಮ ಲೋಡರ್ ಅದನ್ನೇ ನುಂಗಿ, ಲೆಕ್ಕವೆಲ್ಲ ಏರುಪೇರು. ಅರ್ಧ ಫೈಲನ್ನು ಬೇರೆ ಡೈರೆಕ್ಟರಿಯಲ್ಲಿಡುವ 'ಪಾರ್ಷಿಯಲ್-ಡಿರ್' ಹಾಕಿದ ಮೇಲೆ ಆ ಕಾಟ ತಪ್ಪಿತು. ಕಳಿಸುವ ಕಡೆಯೂ ಅಷ್ಟೇ: ಬೇರೆ ಡೈರೆಕ್ಟರಿಯಲ್ಲಿ ಬರೆದು, ಮುಗಿದ ಮೇಲೆ ಎಂವಿ (ಫೈಲ್ ಸರಿಸುವ ಆಜ್ಞೆ). ಎರಡೂ ಒಂದೇ ಫೈಲ್‌ಸಿಸ್ಟಮ್‌ನಲ್ಲಿರಬೇಕು. ಇಲ್ಲದಿದ್ದರೆ ಎಂವಿ ಸುಮ್ನೆ ಕಾಪಿ ಮಾಡುತ್ತದೆ, ಮತ್ತೆ ಅದೇ ಗೋಳು. ಆರ್‌ಸಿಂಕ್ ಮುಗಿದಾಗ ಕೊಡುವ ಎಕ್ಸಿಟ್ ಕೋಡ್ 24 ಬಂದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ, ನಡುವೆ ಯಾವುದೋ ಫೈಲ್ ಅಳಿಸಿಹೋಗಿರುತ್ತದೆ. 23 ಬಂದರೆ ನೋಡಲೇಬೇಕು, ದೋಷದಿಂದ ಏನೋ ಹೋಗಿಲ್ಲ ಎಂದರ್ಥ.

ನಡುವೆ ಒಂದು ಪ್ರಯೋಗ. ಜಿಜಿಪ್‌ನಿಂದ ಆಗಲೇ ಕುಗ್ಗಿಸಿದ ಡಂಪ್‌ಗೆ (ಡೇಟಾದ ಪ್ರತಿ) ಆರ್‌ಸಿಂಕ್‌ನ 'ಜೆಡ್' ಹಾಕಿ ಮತ್ತೆ ಕುಗ್ಗಿಸುವುದು ಸಿಪಿಯುಗೆ ದಂಡ. ಅದರ ಬದಲು ಜಿಜಿಪ್‌ಗೇ 'ಆರ್‌ಸಿಂಕಬಲ್' (ಡೇಟಾ ಸ್ವಲ್ಪ ಬದಲಾದರೆ ಕುಗ್ಗಿಸಿದ ಫೈಲೂ ಸ್ವಲ್ಪವೇ ಬದಲಾಗುವ ಆಯ್ಕೆ) ಕೊಟ್ಟು, ದಿನವೂ ಅದೇ ಹೆಸರಲ್ಲಿ ಕಳಿಸಿದೆ. ಫೈಲ್ ಸ್ವಲ್ಪ ದಪ್ಪವಾಯಿತು, ಆದರೆ ತಂತಿಯ ಮೇಲೆ ಹೋಗಿದ್ದು ಸುಮಾರು ಕಾಲುಭಾಗ. ಡೇಟಾ ಲೆಕ್ಕದಲ್ಲಿ ಬಿಲ್ ಬರುವ ಲಿಂಕ್‌ಗೆ ಇದು ದೊಡ್ಡ ಉಳಿತಾಯ.

ಎಲ್ಲ ಯಂತ್ರಗಳೂ ಒಂದೇ ನಿಮಿಷಕ್ಕೆ ಮುಗಿಬೀಳದಂತೆ ಮಾಡಿದ ಉಪಾಯವನ್ನು ಮಾತ್ರ ಬಿಟ್ಟುಕೊಡಲ್ಲ. ಹೋಸ್ಟ್‌ನೇಮ್ (ಯಂತ್ರದ ಹೆಸರು) ಮತ್ತು ಸ್ಲೀಪ್ (ಕಾಯಿಸುವ ಆಜ್ಞೆ), ಇಷ್ಟೇ ಸುಳಿವು.

ಕೆಟ್ಟಾಗ ಮಾತ್ರ ಮೇಲ್ ಬರುವ ಏರ್ಪಾಡನ್ನು ಪೂರ್ತಿ ನಂಬಬೇಡಿ. ಕ್ರಾನೇ ನಿಂತರೆ ಮೇಲ್ ಕಳಿಸುವವರಾರು? ನಾನು ಬೆಳಿಗ್ಗೆ, ಫೈಲುಗಳು ತಲುಪಬೇಕಾದ ಯಂತ್ರದಲ್ಲೇ ಫೈಂಡ್ (ಫೈಲ್ ಹುಡುಕುವ ಆಜ್ಞೆ) ಓಡಿಸಿ, ಯಾವ ಡೈರೆಕ್ಟರಿಗೆ ಹೊಸ ಫೈಲ್ ಬಂದಿಲ್ಲವೋ ಅದರ ಹೆಸರನ್ನು ಪಟ್ಟಿ ಮಾಡುತ್ತೇನೆ.