ಡಿಜೆ ಲ್ಯಾಪ್‌ಟಾಪ್: ಕರಕರ ಇಲ್ಲದೆ ಹಾಡು ಹೊರಡಬೇಕಾದರೆ

ಡಿಜೆ ಮಾಡಬೇಕು, ಸ್ವಂತ ಟ್ರ್ಯಾಕ್ (ಹಾಡು) ಮಾಡಬೇಕು ಅಂತ ಹೊರಟ ಹುಡುಗರು ಅಂಗಡಿಯಲ್ಲಿ ಮೊದಲು ಕೇಳುವುದು ಗ್ರಾಫಿಕ್ಸ್ ಕಾರ್ಡ್. ಬಣ್ಣದ ಲೈಟು ಮಿನುಗುವ ಗೇಮಿಂಗ್ ಲ್ಯಾಪ್‌ಟಾಪ್ ಹೊತ್ತು ತರುತ್ತಾರೆ. ಆಮೇಲೆ ಛತ್ರದಲ್ಲಿ ಹೆಣ್ಣು ಗಂಡು ಸ್ಟೇಜ್ ಹತ್ತುವ ಹೊತ್ತಿಗೆ ಸರಿಯಾಗಿ ಸ್ಪೀಕರ್‌ನಲ್ಲಿ ಕರಕರ. ಇಂಥದ್ದನ್ನು ಎಷ್ಟು ಸಲ ನೋಡಿದ್ದೇನೋ! ಹಾಡಿಗೆ ಆ ಕಾರ್ಡ್ ಬೇಕಿಲ್ಲ. ವಿಡಿಯೋ ಮಿಕ್ಸ್ ಮಾಡುವವರ ಮಾತು ಬೇರೆ.

ಮೊದಲು ಸಾಫ್ಟ್‌ವೇರ್ ಯಾವುದು ಅಂತ ತೀರ್ಮಾನಿಸಿ. ಟ್ರ್ಯಾಕ್ ಮಾಡುವ ಲಾಜಿಕ್ ಪ್ರೊ ಬೇಕಾದರೆ ಮ್ಯಾಕ್ ಬಿಟ್ಟು ದಾರಿಯಿಲ್ಲ. ಟ್ರ್ಯಾಕ್‌ಗೆ ಎಫ್ಎಲ್ ಸ್ಟುಡಿಯೋ, ಏಬಲ್ಟನ್ ಲೈವ್, ಡಿಜೆಗೆ ರೆಕಾರ್ಡ್‌ಬಾಕ್ಸ್, ಸೆರಾಟೊ ಎಲ್ಲ ವಿಂಡೋಸ್, ಮ್ಯಾಕ್ ಎರಡರಲ್ಲೂ ಓಡುತ್ತವೆ. ಕ್ರ್ಯಾಕ್ ಮಾಡಿದ್ದನ್ನು ಮಾತ್ರ ಹಾಕಿಕೊಳ್ಳಬೇಡಿ, ಅದರ ಜೊತೆ ವೈರಸ್ಸೂ ಬರುತ್ತದೆ. ಕಾಸಿಲ್ಲದಿದ್ದರೆ ಡಿಜೆಗೆ ಮಿಕ್ಸ್ (Mixxx) ಅನ್ನುವ ಸಾಫ್ಟ್‌ವೇರ್ ಪೂರ್ತಿ ಉಚಿತ. ಟ್ರ್ಯಾಕ್ ಮಾಡಲು ರೀಪರ್ 60 ದಿನ ಪುಕ್ಕಟೆ.

ಎರಡನೆಯದು ಯಂತ್ರ. 16 ಜಿಬಿ ರ‍್ಯಾಮ್, 512 ಜಿಬಿ ಎಸ್ಎಸ್‌ಡಿ, ವೇಗದ ಪ್ರೊಸೆಸರ್. ಅಷ್ಟೇ. ಈಗಿನ ಮ್ಯಾಕ್‌ಬುಕ್‌ಗಳಲ್ಲಿ ರ‍್ಯಾಮ್ ಆಮೇಲೆ ಹೆಚ್ಚಿಸಲು ಬರುವುದಿಲ್ಲ, ಕೊಳ್ಳುವಾಗಲೇ ನೋಡಿಕೊಳ್ಳಿ.

ಮೂರನೆಯದು ಸೌಂಡ್ ಕಾರ್ಡ್. ಎಲ್ಲರೂ ಎಡವುವುದು ಇಲ್ಲೇ. ಡಿಜೆಗೆ ಎರಡು ಔಟ್‌ಪುಟ್ ಬೇಕು: ಜನಕ್ಕೆ ಒಂದು, ಮುಂದಿನ ಹಾಡು ಕೇಳಿಸಿಕೊಳ್ಳಲು ನಿಮ್ಮ ಹೆಡ್‌ಫೋನ್‌ಗೆ ಇನ್ನೊಂದು. ಲ್ಯಾಪ್‌ಟಾಪಿನಲ್ಲಿರುವ ತೂತು ಒಂದೇ. ಡಿಜೆ ಸ್ಪ್ಲಿಟರ್ ಕೇಬಲ್ ಹಾಕಿದರೆ ಎಡ, ಬಲ ಒಡೆದು ಎರಡೂ ಮೋನೋ (ಎಡ ಬಲ ಬೇರೆಯಿಲ್ಲದ ಒಂದೇ ಸದ್ದು) ಆಗುತ್ತವೆ. ಮನೆಯಲ್ಲಿ ಕಲಿಯಲು ಸಾಕು, ಛತ್ರಕ್ಕೆ ಬೇಡ. ಒಳಗೇ ಸೌಂಡ್ ಕಾರ್ಡ್ ಇರುವ ಡಿಜೆ ಕಂಟ್ರೋಲರ್ (ಹಾಡು ಕೂಡಿಸುವ ಚಕ್ರ, ಗುಂಡಿಗಳ ಪೆಟ್ಟಿಗೆ) ತೆಗೆದುಕೊಳ್ಳಿ. ಮನೆಯಲ್ಲಿ ಕೂತು ಟ್ರ್ಯಾಕ್ ಮಾಡುವವರಿಗೆ ಎರಡು ಇನ್‌ಪುಟ್ ಇರುವ ಯುಎಸ್‌ಬಿ ಇಂಟರ್‌ಫೇಸ್ (ಹೊರಗಿನ ಸೌಂಡ್ ಕಾರ್ಡ್) ಸಾಕು. ಬ್ಲೂಟೂತ್ ಹೆಡ್‌ಫೋನ್ ಅಂತೂ ಬೇಡವೇ ಬೇಡ. ಸದ್ದು ತಡವಾಗಿ ಬಂದರೆ ಬೀಟ್ ಹೇಗೆ ಕೂಡಿಸುತ್ತೀರಿ?

ಇನ್ನು ಬಫರ್. ಕಂಪ್ಯೂಟರ್ ಸದ್ದನ್ನು ಹನಿ ಹನಿಯಾಗಿ ಬಿಡುವುದಿಲ್ಲ, ಬಿಂದಿಗೆ ಬಿಂದಿಗೆಯಾಗಿ ಕಳಿಸುತ್ತದೆ. ಆ ಬಿಂದಿಗೆಯೇ ಬಫರ್. ಚಿಕ್ಕ ಬಿಂದಿಗೆಯಾದರೆ ಕೀ ಒತ್ತಿದ ಕೂಡಲೇ ಸದ್ದು. ಆದರೆ ಪ್ರೊಸೆಸರ್ ಪದೇ ಪದೇ ತುಂಬಿಸಿ ಕೊಡಬೇಕು. ಒಂದು ಸಲ ತಡವಾದರೂ ಖಾಲಿ ಬಿಂದಿಗೆ ಹೋಗುತ್ತದೆ. ಕರಕರ ಅನ್ನುವುದು ಅದೇ. ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ತುಣುಕು) ಲೆಕ್ಕದಲ್ಲಿ 128 ಸ್ಯಾಂಪಲ್ ಹಿಡಿಯುವ ಬಫರ್ ಅಂದರೆ ಸುಮಾರು 3 ಮಿಲಿಸೆಕೆಂಡ್, 512 ಅಂದರೆ ಸುಮಾರು 12, 1024 ಅಂದರೆ 23. ಸ್ಪೀಕರಿನಿಂದ ನಾಲ್ಕು ಮೀಟರ್ ದೂರ ನಿಂತರೂ ಸದ್ದು ಕಿವಿಗೆ ಬರಲು ಸುಮಾರು 12 ಮಿಲಿಸೆಕೆಂಡ್ ಬೇಕು. ಹಾಗಾಗಿ 512ಕ್ಕೆ ಹೆದರಬೇಡಿ. ಕೀಬೋರ್ಡ್ ನುಡಿಸುವಾಗ, ಹಾಡು ರೆಕಾರ್ಡ್ ಮಾಡುವಾಗ 128. ಡಿಜೆಗೆ 256 ಅಥವಾ 512. ಮಿಕ್ಸಿಂಗ್‌ಗೆ (ರೆಕಾರ್ಡ್ ಆದ ಟ್ರ್ಯಾಕನ್ನು ಹದ ಮಾಡಲು) ಕೂತಾಗ 1024.

ವಿಂಡೋಸ್‌ನಲ್ಲಾದರೆ ಸೌಂಡ್ ಕಾರ್ಡ್ ಕಂಪನಿಯದ್ದೇ ಎಎಸ್ಐಒ (ASIO) ಡ್ರೈವರ್ ಹಾಕಿ, ಸದ್ದನ್ನು ತಡವಿಲ್ಲದೆ ಕಾರ್ಡಿಗೆ ಮುಟ್ಟಿಸುವ ಪ್ರೋಗ್ರಾಂ ಅದು. ಎಎಸ್ಐಒ ಫೋರ್ ಆಲ್ ಅನ್ನುವ ಉಚಿತ ಡ್ರೈವರ್ ಕಾರ್ಡ್ ಬರುವ ತನಕದ ತೇಪೆ ಅಷ್ಟೇ. ಮ್ಯಾಕ್‌ನವರಿಗೆ ಈ ತಲೆಬಿಸಿ ಕಮ್ಮಿ.

ಇಷ್ಟಾದರೂ ಕರಕರ ಬಂದರೆ? ವಿಂಡೋಸ್‌ನಲ್ಲಿ ಲೇಟೆನ್ಸಿಮಾನ್ ಅನ್ನುವ ಉಚಿತ ಪ್ರೋಗ್ರಾಂ ಹತ್ತು ನಿಮಿಷ ಓಡಿಸಿ. ಯಾವ ಡ್ರೈವರ್ ಅಡ್ಡಗಾಲು ಹಾಕುತ್ತಿದೆ ಅಂತ ಅದು ತೋರಿಸುತ್ತದೆ. ಎಷ್ಟೋ ಸಲ ಕಳ್ಳ ವೈಫೈ ಆಗಿರುತ್ತದೆ, ಆಫ್ ಮಾಡಿ. ಪವರ್ ಸೆಟ್ಟಿಂಗ್ ಹೈ ಪರ್ಫಾರ್ಮೆನ್ಸ್‌ಗೆ ಇಡಿ. ಅಪ್‌ಡೇಟ್ ನಿಲ್ಲಿಸಿ. ಒಂದು ಆರತಕ್ಷತೆಯಲ್ಲಿ ನನ್ನ ಲ್ಯಾಪ್‌ಟಾಪ್ ನಡುವೆಯೇ ರೀಸ್ಟಾರ್ಟ್ ಆಗಿ, ನಾಲ್ಕು ನಿಮಿಷ ಇಡೀ ಛತ್ರ ನನ್ನನ್ನೇ ನೋಡಿತ್ತು. ಅಗ್ಗದ ಯುಎಸ್‌ಬಿ ಹಬ್ ಬೇಡ, ಕಂಟ್ರೋಲರನ್ನು ನೇರವಾಗಿ ಲ್ಯಾಪ್‌ಟಾಪಿಗೇ ಚುಚ್ಚಿ.

ಕರಕರ ಅಲ್ಲ, ಗುಂಯ್ ಅಂತಿದೆಯಾ? ಚಾರ್ಜರ್ ಕಿತ್ತು ನೋಡಿ. ನಿಂತರೆ ಅದು ಅರ್ಥಿಂಗ್ ಸಮಸ್ಯೆ. ಕೆಲವರು ಪ್ಲಗ್ಗಿನ ಮೂರನೇ ಪಿನ್ನನ್ನೇ ಮುರಿದು ಹಾಕುತ್ತಾರೆ. ಶಾಕ್ ಹೊಡೆದರೆ ಗತಿಯೇನು? ಲ್ಯಾಪ್‌ಟಾಪ್, ಮಿಕ್ಸರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ. ಆಗಲೂ ನಿಲ್ಲದಿದ್ದರೆ ನಡುವೆ ಒಂದು ಡಿಐ ಬಾಕ್ಸ್ (ಆಡಿಯೋ ಕೇಬಲ್ಲಿನ ನಡುವೆ ಹಾಕುವ ಪುಟ್ಟ ಡಬ್ಬಿ) ಹಾಕಿ, ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಅದು ಆಡಿಯೋ ಕೇಬಲ್ಲಿನ ಗ್ರೌಂಡನ್ನಷ್ಟೇ ಬಿಡಿಸುತ್ತದೆ, ಪ್ಲಗ್ಗಿನದ್ದನ್ನಲ್ಲ. ಸೌಂಡ್ ಸಿಸ್ಟಮ್‌ನವರ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇರುತ್ತದೆ. ಕೇಳಿದರೆ ಕೊಡುತ್ತಾರೆ.