ಮೀಠಿ ನದಿಯ ನೀರಿನಲ್ಲಿ ಪಾದರಸ: ಬೆಳ್ಳಿ ನ್ಯಾನೊಕಣಗಳ ಬಣ್ಣಪರೀಕ್ಷೆ

ಬೆಳ್ಳಿ ನ್ಯಾನೊಕಣಗಳ ದ್ರಾವಣ ಹಳದಿ. ಪಾದರಸದ ಅಯಾನು ತಗುಲಿದರೆ ಬೆಳ್ಳಿ ಕರಗಿ ಹಳದಿ ಮಾಸುತ್ತದೆ. ಮುಂಬಯಿಯಲ್ಲಿ ಈ ಪರೀಕ್ಷೆಗೆ ಮೊದಲ ಶತ್ರು ಉಪ್ಪು, ಅದರ ಕ್ಲೋರೈಡ್ ಕೂಡ ಬಣ್ಣ ಕೆಡಿಸುತ್ತದೆ.

ಡಿಸ್ಟಿಲ್ಡ್ ನೀರಿಗೆ ಮೊದಲು ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿ ನೋಡಿ. ಹಾಲಿನಂತಾದರೆ ಕ್ಲೋರೈಡ್ ಇದೆ, ಆ ನೀರು ಬೇಡ. ಒಳ್ಳೆಯ ನೀರಿನ 100 ಮಿ.ಲೀ.ಗೆ 17 ಮಿ.ಗ್ರಾಂ ಸಿಲ್ವರ್ ನೈಟ್ರೇಟ್ ಕರಗಿಸಿ. ಐಸ್‌ನಷ್ಟು ತಣ್ಣಗಿನ ಇನ್ನೊಂದು 100 ಮಿ.ಲೀ.ಗೆ 76 ಮಿ.ಗ್ರಾಂ ಸೋಡಿಯಂ ಬೋರೋಹೈಡ್ರೈಡ್ ಹಾಕಿ, ಅದರ 3 ಮಿ.ಲೀ.ಯನ್ನು ಅಷ್ಟೇ ತಣ್ಣಗಿನ ನೀರು ಸೇರಿಸಿ 30 ಮಿ.ಲೀ.ಗೆ ಏರಿಸಿ, 18 ಮಿ.ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಸೇರಿಸಿ. ಬೋರೋಹೈಡ್ರೈಡ್ ದ್ರಾವಣ ಆಗ ತಾನೇ ಮಾಡಿದ್ದಾಗಿರಲಿ. ನಮ್ಮ ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೆ ಪುಡಿ ತೇವ ಹೀರಿ ಗಂಟಾಗುತ್ತದೆ.

ಐಸ್ ತೊಟ್ಟಿಯಲ್ಲಿಟ್ಟು ಕಲಕುತ್ತ, ಸೆಕೆಂಡಿಗೊಂದು ಹನಿಯಂತೆ 10 ಮಿ.ಲೀ. ಬೆಳ್ಳಿ ದ್ರಾವಣ ಬಿಡಿ. ಮುಗಿದೊಡನೆ ಕಲಕುವುದನ್ನು ನಿಲ್ಲಿಸಿ. ಹುಷಾರೆಂದು ಇನ್ನೂ ತಿರುಗಿಸಿದರೆ ಕಣಗಳು ಗುಂಪುಗೂಡಿ ಬೂದು ಬಣ್ಣಕ್ಕೆ ತಿರುಗುತ್ತವೆ. ಮುಚ್ಚಳ ಸಡಿಲವಾಗಿಟ್ಟು (ಹೈಡ್ರೋಜನ್ ಹೊರಡುತ್ತದೆ) ಒಂದು ರಾತ್ರಿ ಕತ್ತಲಲ್ಲಿ ಬಿಡಿ. ಉಳಿದ ಬೋರೋಹೈಡ್ರೈಡ್ ಅಷ್ಟರಲ್ಲಿ ಕಳೆದುಹೋಗಬೇಕು, ಇಲ್ಲದಿದ್ದರೆ ಅದೇ ಪಾದರಸದ ಜೊತೆ ವರ್ತಿಸುತ್ತದೆ. ಸ್ಪೆಕ್ಟ್ರೋಫೋಟೋಮೀಟರಿನಲ್ಲಿ (ದ್ರಾವಣ ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಉಪಕರಣ) ಹೀರುವಿಕೆಯ ಶಿಖರ 400 ನ್ಯಾನೋಮೀಟರ್ ಆಸುಪಾಸು ಬರಬೇಕು.

ಮಾದರಿಯನ್ನು ಮಾಹಿಮ್ ಖಾಡಿಯ ಕಡೆ ತೆಗೆಯಬೇಡಿ, ಉಬ್ಬರದ ನೀರು ಅಲ್ಲಿ ಒಳಗೆ ಬರುತ್ತದೆ. ಪವಯಿ ಕಡೆಯ ಮೇಲ್ಭಾಗ ವಾಸಿ. ಗಾಜಿನ ಬಾಟಲಿಯೇ ಇರಲಿ, ಪ್ಲಾಸ್ಟಿಕ್ ಪಾದರಸವನ್ನು ಹಿಡಿದಿಟ್ಟುಕೊಳ್ಳುತ್ತದೆ. ನೈಟ್ರಿಕ್ ಆಮ್ಲ ಹಾಕಿದ ಬಾಟಲಿ ಲ್ಯಾಬಿಗೆ ಕಳಿಸಲು ಮಾತ್ರ. ಬಣ್ಣ ನೋಡಲು ಆಮ್ಲವಿಲ್ಲದ ತಾಜಾ ನೀರು ಸೋಸಿ ಬಳಸಿ.

ಟ್ಯೂಬುಗಳಲ್ಲಿ 1 ಮಿ.ಲೀ. ಹಳದಿ ದ್ರಾವಣ, 1 ಮಿ.ಲೀ. ಮಾದರಿ. ಪಕ್ಕದಲ್ಲಿ ಬರೀ ಡಿಸ್ಟಿಲ್ಡ್ ನೀರಿನದೊಂದು, 10, 25, 50, 100 ಮೈಕ್ರೋಮೋಲಾರ್ (ಸಾಂದ್ರತೆಯ ಅಳತೆ) ಪಾದರಸದ್ದು ನಾಲ್ಕು, ನದಿ ನೀರಿಗೇ 100 ಮೈಕ್ರೋಮೋಲಾರ್ ಪಾದರಸ ಬೆರೆಸಿದ್ದೊಂದು. ಹತ್ತು ನಿಮಿಷ ಕಾಯಿರಿ. ಹಳದಿ ಬಣ್ಣಗೆಟ್ಟು ತಿಳಿಯಾದರೆ ಪಾದರಸದ ಸುಳಿವು; ಬೂದು ಅಥವಾ ನೇರಳೆಗೆ ತಿರುಗಿದರೆ ಉಪ್ಪಿನ ಕೆಲಸ. ಪಾದರಸ ಬೆರೆಸಿದ ನದಿ ನೀರಿನಲ್ಲೂ ಬಣ್ಣ ಮಾಸದಿದ್ದರೆ, ಕೊಳಚೆಯ ಸಲ್ಫೈಡ್ ಅಥವಾ ಜೈವಿಕ ಪದಾರ್ಥ ಪಾದರಸವನ್ನು ಕಟ್ಟಿಹಾಕಿರಬಹುದು. ಆಗ 'ಪಾದರಸ ಇಲ್ಲ' ಎಂದು ಬರೆಯುವಂತಿಲ್ಲ.

ಕುಡಿಯುವ ನೀರಿಗೆ ಇದು ಬೇಡವೇ ಬೇಡ. 10 ಮೈಕ್ರೋಮೋಲಾರ್ ಎಂದರೆ ಲೀಟರಿಗೆ 2 ಮಿ.ಗ್ರಾಂ, ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಮಿತಿ 0.001 ಮಿ.ಗ್ರಾಂ. ಅನುಮಾನದ ಮಾದರಿಯನ್ನು ಕೋಲ್ಡ್ ವೇಪರ್ ಅಟಾಮಿಕ್ ಅಬ್ಸಾರ್ಪ್ಷನ್ (ಪಾದರಸವನ್ನು ಆವಿಯಾಗಿಸಿ ಅಳೆಯುವ ಉಪಕರಣ) ಇರುವ ಲ್ಯಾಬಿಗೆ ಕಳಿಸಿ. ಕೈಗೆ ಗ್ಲೌಸ್ ಇರಲಿ, ಪಾದರಸದ ಟ್ಯೂಬುಗಳ ನೀರು ಸಿಂಕಿಗೆ ಹೋಗದಿರಲಿ. ಹೆಸರು ಬರೆದ ಕ್ಯಾನಿನಲ್ಲಿ ಕೂಡಿಟ್ಟು ಅಪಾಯಕಾರಿ ತ್ಯಾಜ್ಯದ ಜೊತೆ ಕೊಡಿ.